ಹುದ್ದೆ ಇಲ್ಲದ ನರ್ಸ್ ವಾರ್ಡಿನ ಪದ್ಧತಿ ಬದಲಿಸಬಹುದೇ?

ಪ್ರಶ್ನೆ: ನಾನು ಧಾರವಾಡದ ಕಡೆಯವಳು. ಮುಂಬೈನ ಒಂದು ಖಾಸಗಿ ಆಸ್ಪತ್ರೆಯಲ್ಲಿ 6 ವರ್ಷದಿಂದ ಸ್ಟಾಫ್ ನರ್ಸ್. ನಮ್ಮದು 30 ಬೆಡ್‌ನ ಸರ್ಜಿಕಲ್ ವಾರ್ಡ್. ಡ್ಯೂಟಿ ಬದಲಾಗುವಾಗ ಎಲ್ಲರೂ ನರ್ಸಿಂಗ್ ಸ್ಟೇಷನ್‌ನಲ್ಲೇ ನಿಂತು, ರಿಜಿಸ್ಟರ್ ನೋಡಿ ಓವರ್ ಕೊಡುತ್ತೇವೆ, ಅಂದರೆ ಪೇಷಂಟ್‌ಗಳ ವಿಷಯ ಹೇಳಿ ಮುಂದಿನ ಡ್ಯೂಟಿಯವರಿಗೆ ಒಪ್ಪಿಸುತ್ತೇವೆ. ಹೋದ ತಿಂಗಳು ಒಬ್ಬ ಪೇಷಂಟ್‌ಗೆ ‘ಡ್ರಿಪ್ ಚೆನ್ನಾಗಿ ಹೋಗ್ತಿದೆ’ ಅಂದರು. ನಾನು ಹೋಗಿ ನೋಡುವಷ್ಟರಲ್ಲಿ ಕೈ ಊದಿಕೊಂಡಿತ್ತು. ಇನ್ನೊಬ್ಬರಿಗೆ ಆಪರೇಷನ್ ಇತ್ತು, ಬಾಯಿಗೆ ಏನೂ ಕೊಡಬಾರದು ಅನ್ನುವುದು ಓವರ್‌ನಲ್ಲಿ ಬರಲೇ ಇಲ್ಲ. ಅವರು ಚಹಾ ಕುಡಿದುಬಿಟ್ಟರು, ಆಪರೇಷನ್ ಮುಂದಕ್ಕೆ ಹೋಯಿತು. ಬೆಡ್ ಹತ್ತಿರ ಹೋಗಿಯೇ ಓವರ್ ಕೊಡೋಣ ಎಂದು ಎಲ್ಲರೆದುರು ಹೇಳಿದೆ. ಇನ್‌ಚಾರ್ಜ್ ಸಿಸ್ಟರ್ ‘ಇಷ್ಟು ವರ್ಷ ಹೀಗೇ ನಡೆದಿದೆ’ ಎಂದು ಮಾತು ಮುಗಿಸಿದರು. ಜೊತೆಯವರು ‘ಇವಳು ಲೀಡರ್ ಆಗೋಕೆ ಹೊರಟಿದ್ದಾಳೆ’ ಅನ್ನುತ್ತಾರೆ. ಹುದ್ದೆ ಇಲ್ಲದ ನನ್ನಂಥವಳು ಇಂಥ ಬದಲಾವಣೆ ತರಬಹುದೇ? ಪ್ರಸ್ತಾವ ಹೇಗೆ ಬರೆಯಬೇಕು? ನೇರವಾಗಿ ಮೆಡಿಕಲ್ ಡೈರೆಕ್ಟರ್ ಹತ್ತಿರ ಹೋಗಲೇ?

ಓದುಗರೊಬ್ಬರು, ಮುಲುಂಡ್

ಉತ್ತರ: ತರಬಹುದು. ವಾರ್ಡಿನಲ್ಲಿ ಉಳಿದುಕೊಂಡ ಎಷ್ಟೋ ಒಳ್ಳೆಯ ಪದ್ಧತಿಗಳು ಯಾವುದೋ ಸ್ಟಾಫ್ ನರ್ಸ್ ತಲೆಯಿಂದಲೇ ಬಂದಿರುತ್ತವೆ. ಆಮೇಲೆ ಅದಕ್ಕೆ ಆಸ್ಪತ್ರೆಯ ಸರ್ಕ್ಯುಲರ್ ಬರುತ್ತದೆ, ಅಷ್ಟೇ. ಮುಂಬೈ, ಪುಣೆಯ ವಾರ್ಡುಗಳಲ್ಲಿ ಕೆಲಸ ಮಾಡಿ, ಆಮೇಲೆ ನರ್ಸಿಂಗ್ ಕಲಿಸಿದವಳು ನಾನು. ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಚಿಂತೆಯೂ ಆಯಿತು. ನೀವು ಹಿಡಿದಿರುವ ವಿಷಯ ಸರಿ. ಅದನ್ನು ಹೇಳಿದ ಜಾಗ ಮತ್ತು ಹೊತ್ತು ಮಾತ್ರ ನಿಮಗೆ ವಿರುದ್ಧವಾಗಿ ಹೋಯಿತು.

ಮೊದಲು ವಿಷಯ. ನೀವು ಬರೆದ ಎರಡೂ ಘಟನೆಗಳಲ್ಲಿ ಬಾಯಿಮಾತು ತಪ್ಪಿಸಿದ್ದನ್ನು ಕಣ್ಣು ಹಿಡಿಯುತ್ತಿತ್ತು. ಊದಿದ ಕೈ ರಿಜಿಸ್ಟರ್‌ನಲ್ಲಿ ಕಾಣುವುದಿಲ್ಲ. ಗಾಯದ ನೀರು ಹೊರಗೆ ತರುವ ಡ್ರೇನ್ ತುಂಬಿರುವುದು, ಡ್ರೆಸ್ಸಿಂಗ್ ಒದ್ದೆಯಾಗಿರುವುದು, ಔಷಧಿ ಹರಿಸುವ ಪಂಪ್‌ನ ಸ್ಪೀಡ್ ಬೇರೆ ಇರುವುದು, ಕೈಗೆ ಕಟ್ಟಿದ ಬ್ಯಾಂಡ್ ಬಿಚ್ಚಿ ಬಿದ್ದಿರುವುದು, ಇವೆಲ್ಲ ಹಾಸಿಗೆ ಪಕ್ಕದಲ್ಲಿ ನಿಂತರೆ ಎರಡು ಜೋಡಿ ಕಣ್ಣಿಗೆ ಒಟ್ಟಿಗೇ ಬೀಳುತ್ತವೆ. ಎಚ್ಚರ ಇರುವ ಪೇಷಂಟ್ ತಾನೇ ‘ಸಿಸ್ಟರ್, ನನಗೆ ನಾಳೆ ಆಪರೇಷನ್ ಇದೆಯಲ್ಲ’ ಎಂದು ನೆನಪಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗೆಂದು 9 ಪರಿಹಾರಗಳನ್ನು ಹೊರತಂದಾಗ, ಹ್ಯಾಂಡೋವರ್ ಸಮಯದ ಮಾತುಕತೆ ಅದರಲ್ಲಿ ಒಂದಾಗಿತ್ತು. ಹಾಗಾಗಿ ಇದು ನಿಮ್ಮ ವಾರ್ಡಿನದೊಂದೇ ಕಥೆಯಲ್ಲ. ಎಲ್ಲ ದೇಶದ ಆಸ್ಪತ್ರೆಗಳೂ ಇಲ್ಲಿ ಎಡವುತ್ತವೆ.

ಈಗ ನಿಮ್ಮ ಇನ್‌ಚಾರ್ಜ್ ಸಿಸ್ಟರ್ ಜಾಗದಲ್ಲಿ ಒಂದು ನಿಮಿಷ ನಿಂತು ನೋಡಿ. ಎಲ್ಲರೆದುರು, ಡ್ಯೂಟಿ ಬದಲಾಗುವ ಗಡಿಬಿಡಿಯಲ್ಲಿ, ಒಬ್ಬ ಜೂನಿಯರ್ ‘ಇನ್ನು ಮೇಲೆ ಹೀಗೆ ಮಾಡೋಣ’ ಅನ್ನುತ್ತಾಳೆ. ಅವರ ಕಿವಿಗೆ ಬಿದ್ದದ್ದು ‘ಇಷ್ಟು ವರ್ಷ ನೀವು ತಪ್ಪು ಮಾಡಿದ್ದೀರಿ’ ಅಂತ. ಊದಿದ ಕೈಗೂ ಕುಡಿದ ಚಹಾಕ್ಕೂ ಕಾರಣ ತಾನೇ ಎಂದು ಎಲ್ಲರ ಮುಂದೆ ಒಪ್ಪಿಕೊಂಡ ಹಾಗೆ ಆಗುತ್ತದೆ. ಯಾರು ತಾನೇ ಆಗ ಹೂಂ ಅನ್ನುತ್ತಾರೆ?

ಇದರ ದೊಡ್ಡ ಉದಾಹರಣೆ ಇಗ್ನಾಝ್ ಸೆಮೆಲ್‌ವೈಸ್ ಎಂಬ ಡಾಕ್ಟರ್. ನರ್ಸಿಂಗ್ ಓದುವಾಗ ನೀವೂ ಅವರ ಹೆಸರು ಕೇಳಿರುತ್ತೀರಿ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ, ಹೆರಿಗೆ ವಾರ್ಡಿಗೆ ಬರುವ ಮೊದಲು ಡಾಕ್ಟರುಗಳು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕು ಎಂದು ಅವರು ನಿಯಮ ಮಾಡಿದರು. ಆ ವರ್ಷ ಏಪ್ರಿಲ್‌ನಲ್ಲಿ ಅವರ ವಾರ್ಡಿನಲ್ಲಿ ನೂರಕ್ಕೆ 18ರಷ್ಟು ತಾಯಂದಿರು ಸಾಯುತ್ತಿದ್ದರು. ಜುಲೈ ಹೊತ್ತಿಗೆ ಅದು ನೂರಕ್ಕೆ 2ಕ್ಕಿಂತ ಕೆಳಗೆ ಬಂತು. ಇಷ್ಟು ಗಟ್ಟಿ ಲೆಕ್ಕ ಕೈಯಲ್ಲಿದ್ದರೂ ಹೆಚ್ಚಿನ ಡಾಕ್ಟರುಗಳು ಒಪ್ಪಲಿಲ್ಲ. ಸೂಕ್ಷ್ಮಾಣುಗಳಿಂದ ರೋಗ ಬರುತ್ತದೆ ಎಂದು ಆಗಿನ್ನೂ ಗೊತ್ತಿರಲಿಲ್ಲ, ಅದು ಒಂದು ಕಾರಣ. ಆದರೆ ಅವರ ಮಾತಿನ ಅರ್ಥ ‘ತಾಯಂದಿರನ್ನು ಕೊಂದದ್ದು ನಿಮ್ಮ ಕೈ’ ಎಂದಾಗುತ್ತಿತ್ತು. ಪುಸ್ತಕವಾಗಿ ವಿವರವಾಗಿ ಬರೆದದ್ದು 1861ರಲ್ಲಿ, ಅಷ್ಟು ತಡವಾಗಿ. ಆಮೇಲೆ ವಿರೋಧಿಸಿದವರಿಗೆ ಸಿಟ್ಟಿನ ಬಹಿರಂಗ ಪತ್ರಗಳನ್ನು ಬರೆದರು. ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ ಇದೆ, ನೋವೂ ಇದೆ. ಅವರ ಮಾತು ಬೇಗ ಒಪ್ಪಿತವಾಗಿದ್ದರೆ ಎಷ್ಟು ಹೆಂಗಸರು ಬದುಕುತ್ತಿದ್ದರು! ನಮ್ಮ ಮಾತು ಸರಿಯಾಗಿದ್ದಷ್ಟಕ್ಕೇ ಕೆಲಸ ಆಗುವುದಿಲ್ಲ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ಅವರನ್ನೇ ನೆನೆಯುತ್ತೇನೆ.

ಹಾಗಾಗಿ ಪರಿಹಾರವನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ಮೊದಲು ತೊಂದರೆ ಎಷ್ಟಿದೆ ಎಂದು ಎಣಿಸಿ. ಹೇಗೆ ಅಂದರೆ, ಓವರ್ ತೆಗೆದುಕೊಂಡ ಮೇಲೆ ನೀವು ನಿಮ್ಮ ಪೇಷಂಟ್‌ಗಳ ಮೊದಲ ರೌಂಡ್ ಹೋಗುತ್ತೀರಲ್ಲ, ಆಗ ‘ಹೇಳಿರಲಿಲ್ಲ, ಆದರೆ ಇಲ್ಲಿ ಇದೆ’ ಅಥವಾ ‘ಹೇಳಿದ್ದು ಬೇರೆ, ಇಲ್ಲಿ ಇರುವುದು ಬೇರೆ’ ಅನ್ನುವ ವಿಷಯಕ್ಕೆ ಒಂದು ಗೆರೆ ಎಳೆಯಿರಿ. ಡ್ರಿಪ್ ಮತ್ತು ಅದಕ್ಕೆ ಕೈಗೆ ಚುಚ್ಚಿದ ಕ್ಯಾನ್ಯುಲಾ, ಡ್ರೇನ್ ಮತ್ತು ಕ್ಯಾಥೆಟರ್, ಉಪವಾಸ ಇರಬೇಕಾದವರು, ಅಲರ್ಜಿ, ಕೊಡಬೇಕಿದ್ದು ಉಳಿದುಹೋದ ಡೋಸ್, ಬರಬೇಕಾದ ಲ್ಯಾಬ್ ರಿಪೋರ್ಟ್. ಈ ಆರು ಸಾಲು ಸಾಕು. ಎರಡು ವಾರ ಸಾಕು. ಪೇಷಂಟ್ ಹೆಸರು ಬೇಡ, ಯಾವ ಸಿಸ್ಟರ್ ಹೇಳಲಿಲ್ಲ ಅನ್ನುವುದಂತೂ ಖಂಡಿತ ಬೇಡ. ಆ ಹಾಳೆಯಲ್ಲಿ ಒಬ್ಬರ ಹೆಸರು ಬಂದರೂ ಅದು ಚಾಡಿ ಆಗುತ್ತದೆ, ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು. ಕೇಸ್ ಪೇಪರ್‌ನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಇಟ್ಟುಕೊಳ್ಳುವುದೂ ಬೇಡ. ಪೇಷಂಟ್‌ನ ಗುಟ್ಟು ಕಾಯುವುದು ನಮ್ಮ ಮೊದಲ ಕೆಲಸ, ಒಳ್ಳೆಯ ಉದ್ದೇಶಕ್ಕೂ ಅದನ್ನು ಬಿಡಬಾರದು.

ಇನ್ನೊಂದು ಲೆಕ್ಕವೂ ಬೇಕು. ಈಗ ನಡೆಯುವ ಓವರ್‌ಗೆ ಎಷ್ಟು ನಿಮಿಷ ಹಿಡಿಯುತ್ತದೆ? ಹೋಗುವ ಸಿಸ್ಟರ್‌ಗಳು ನಿಜವಾಗಿ ವಾರ್ಡ್ ಬಿಡುವುದು ಎಷ್ಟು ಗಂಟೆಗೆ? ಇದನ್ನು ಬರೆದಿಟ್ಟುಕೊಳ್ಳಿ. ‘ಟೈಮ್ ಜಾಸ್ತಿ ಆಗುತ್ತೆ’ ಅನ್ನುವ ಮಾತು ಬಂದೇ ಬರುತ್ತದೆ. ಹಳೆಯ ಪದ್ಧತಿಗೆ ಎಷ್ಟು ಹೊತ್ತು ಹೋಗುತ್ತಿತ್ತು ಎಂದು ಆಗ ಯಾರಿಗೂ ಗೊತ್ತಿರುವುದಿಲ್ಲ, ಎಲ್ಲರೂ ಊಹೆಯಲ್ಲೇ ಜಗಳ ಆಡುತ್ತಾರೆ.

ಎಣಿಸುವ ಮೊದಲೇ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ. ಒಬ್ಬರೇ ಹೋಗಿ, ಡ್ಯೂಟಿ ಸ್ವಲ್ಪ ತಣ್ಣಗಿರುವ ಮಧ್ಯಾಹ್ನ ಹೋಗಿ. ‘ಸಿಸ್ಟರ್, ಅವತ್ತು ಎಲ್ಲರ ಮುಂದೆ ಹೇಳಿದ್ದು ನಿಮಗೆ ಬೇಜಾರಾಗಿರಬಹುದು. ನನಗೂ ಆ ಆಪರೇಷನ್ ಮುಂದೆ ಹೋದದ್ದು ಮನಸ್ಸಿನಿಂದ ಹೋಗ್ತಿಲ್ಲ. ಓವರ್‌ನಲ್ಲಿ ಯಾವ ವಿಷಯ ಜಾಸ್ತಿ ಬಿಟ್ಟುಹೋಗುತ್ತೆ ಅಂತ ಎರಡು ವಾರ ಎಣಿಸಲಾ? ಹೆಸರು ಬರೆಯಲ್ಲ, ಹಾಳೆ ಮೊದಲು ನಿಮಗೇ ತೋರಿಸ್ತೀನಿ’ ಎಂದು ಕೇಳಿ. ಇಷ್ಟೇ ಕೇಳಿದರೆ ಬೇಡ ಅನ್ನುವವರು ಕಡಿಮೆ. ಆಮೇಲೆ ಅವರನ್ನೇ ಕೇಳಿ: ‘ನಿಮಗೆ ಓವರ್‌ನಲ್ಲಿ ಯಾವುದು ಕಷ್ಟ ಅನ್ಸುತ್ತೆ?’ ಅವರ ಉತ್ತರ ಕೇಳಿಸಿಕೊಳ್ಳಿ, ನಡುವೆ ನಿಮ್ಮ ಐಡಿಯಾ ತರಬೇಡಿ. ಪೇಷಂಟ್ ಕಡೆಯವರ ಕಂಪ್ಲೇಂಟ್, ಕನ್ಸಲ್ಟಂಟ್ ರೌಂಡ್‌ಗೆ ಬಂದಾಗ ಯಾವ ಸಿಸ್ಟರ್‌ಗೂ ಪೇಷಂಟ್ ವಿಷಯ ಗೊತ್ತಿಲ್ಲದಿರುವುದು, ಹೀಗೆ ಅವರಿಗೂ ತಲೆನೋವು ಇದ್ದೇ ಇರುತ್ತದೆ. ನಿಮ್ಮ ಬದಲಾವಣೆ ಅವರ ಒಂದು ತಲೆನೋವನ್ನಾದರೂ ಕಡಿಮೆ ಮಾಡಬೇಕು.

ಅವರನ್ನು ಜೊತೆಗೆ ಇಟ್ಟುಕೊಳ್ಳಿ ಎಂದು ಹೇಳುವುದು ಬರೀ ಮರ್ಯಾದೆಗೆ ಅಲ್ಲ. ಬೆಡ್ ಪಕ್ಕದ ಓವರ್ ನಡೆಯಬೇಕಾದರೆ ಪೇಷಂಟ್ ಹಂಚಿಕೆ ಸರಿಯಿರಬೇಕು, ಆ ಹಂಚಿಕೆ ಅವರ ಕೈಯಲ್ಲಿದೆ. ಲೆಕ್ಕ ಹಾಕಿ ನೋಡಿ. 30 ಬೆಡ್‌ಗೆ ತಲಾ 2 ನಿಮಿಷ, ಒಬ್ಬರೇ ಎಲ್ಲ ಬೆಡ್ ಸುತ್ತಿದರೆ ಒಂದು ಗಂಟೆ. ಇದು ಆಗದ ಮಾತು. ಬೆಳಿಗ್ಗೆ 5 ಜನ ಇದ್ದು ತಲಾ 6 ಪೇಷಂಟ್ ನೋಡಿಕೊಂಡರೆ, ಅವರವರ ಪೇಷಂಟ್ ಅವರವರು ಓವರ್ ಕೊಡಲು 12 ನಿಮಿಷ. ರಾತ್ರಿ 3 ಜನ ಇದ್ದರೆ ತಲಾ 10 ಪೇಷಂಟ್, 20 ನಿಮಿಷ. ಅದಕ್ಕಿಂತ ದೊಡ್ಡ ಗಂಟು ಇನ್ನೊಂದಿದೆ. 3 ಜನ 5 ಜನಕ್ಕೆ ಕೊಡುವಾಗ ಒಬ್ಬ ನೈಟ್ ಸಿಸ್ಟರ್ ಇಬ್ಬರಿಗಾದರೂ ಕೊಡಬೇಕು, ಒಬ್ಬರು ಕಾಯುತ್ತಾ ನಿಲ್ಲಬೇಕು. ಬೆಡ್‌ಗಳನ್ನು ಸಾಲಾಗಿ ಹಂಚಿ, ಯಾರು ಯಾರಿಂದ ತೆಗೆದುಕೊಳ್ಳಬೇಕು ಎಂದು ಡ್ಯೂಟಿ ಶುರುವಾಗುವ ಮೊದಲೇ ಬೋರ್ಡಿನಲ್ಲಿ ಬರೆದಿದ್ದರೆ ಈ ಗಂಟು ಬಿಚ್ಚುತ್ತದೆ. ಬರೆಯುವವರು ಇನ್‌ಚಾರ್ಜ್. ಅವರಿಲ್ಲದೆ ನೀವು ಎಷ್ಟು ಓಡಾಡಿದರೂ ಇದು ನಡೆಯುವುದಿಲ್ಲ.

ಇಲ್ಲಿಗೆ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ಮಾತಿಗೆ ಬಂದೆ. ಬದಲಾವಣೆಯ ಭಾರ ಯಾರ ಮೇಲೆ ಬೀಳುತ್ತದೆ? ನಿಮ್ಮ ಯೋಜನೆಯಲ್ಲಿ ಲಾಭ ಪೇಷಂಟ್‌ಗೆ, ಸ್ವಲ್ಪ ಬರುವ ಸಿಸ್ಟರ್‌ಗೆ. ನಷ್ಟ ಪೂರ್ತಿ ಹೋಗುವ ಸಿಸ್ಟರ್‌ಗೆ. ಅದರಲ್ಲೂ 12 ಗಂಟೆ ನಿಂತು ಕೆಲಸ ಮಾಡಿದ ನೈಟ್ ಸಿಸ್ಟರ್‌ಗೆ. ಅವರು ದೂರದ ಡೊಂಬಿವಲಿಗೋ ಬದಲಾಪುರಕ್ಕೋ ಹೋಗಬೇಕು. ಲೋಕಲ್ ಟ್ರೇನ್ ತಪ್ಪಿದರೆ ಮುಂದಿನದು, ಅಲ್ಲಿಂದ ರಿಕ್ಷಾ ಸಾಲು. ಮನೆಯಲ್ಲಿ ಮಗುವನ್ನು ಸ್ಕೂಲಿಗೆ ಬಿಡುವ ಗಂಡ ಆಫೀಸಿಗೆ ಹೊರಟು ನಿಂತಿರುತ್ತಾನೆ. ನೀವು ‘ಬರೀ 10 ನಿಮಿಷ’ ಅನ್ನುವುದು ಅವರಿಗೆ ಮನೆ ತಲುಪುವಾಗ ಮುಕ್ಕಾಲು ಗಂಟೆ ಆಗಿರುತ್ತದೆ. ಇತ್ತ ಬೆಳಿಗ್ಗೆ ಡ್ಯೂಟಿಗೆ ಬರುವವರು ಅದೇ ಸೆಂಟ್ರಲ್ ಲೈನ್‌ನ ಗರ್ದಿಯಲ್ಲಿ ತಡವಾಗಿ ಬರುತ್ತಾರೆ. ಜೊತೆಯವರು ನಿಮ್ಮನ್ನು ಲೀಡರ್ ಎಂದು ಚುಚ್ಚುವುದರ ಹಿಂದೆ ಈ ಭಯ ಇದೆ ಎಂದು ನನಗೆ ಅನಿಸುತ್ತದೆ. ಅವರು ಪೇಷಂಟ್ ಬಗ್ಗೆ ಕಾಳಜಿ ಇಲ್ಲದವರಲ್ಲ.

ಹಾಗಾದರೆ ಬೆಳಿಗ್ಗೆ 8ರ ಓವರ್‌ನಿಂದ ಶುರು ಮಾಡಲೇಬೇಡಿ. ಮಧ್ಯಾಹ್ನ 2ರ ಓವರ್‌ನಿಂದ ಶುರು ಮಾಡಿ. ಆಗ ಎರಡೂ ಕಡೆ ಜನ ಹೆಚ್ಚುಕಡಿಮೆ ಸಮ ಇರುತ್ತಾರೆ. ಲೋಕಲ್‌ನಲ್ಲಿ ಅಷ್ಟು ಗರ್ದಿ ಇರುವುದಿಲ್ಲ. ಇನ್‌ಚಾರ್ಜ್ ಸಿಸ್ಟರ್ ಕೂಡ ವಾರ್ಡಿನಲ್ಲೇ ಇರುತ್ತಾರೆ, ತಾವೇ ಕಣ್ಣಾರೆ ನೋಡುತ್ತಾರೆ. ನಾಲ್ಕು ವಾರ ಮಧ್ಯಾಹ್ನ 2ರ ಓವರ್ ಚೆನ್ನಾಗಿ ನಡೆದರೆ ಕೈಗೆ ವೇಗ ಬರುತ್ತದೆ, ಆಮೇಲೆ ಬೆಳಿಗ್ಗೆಯದನ್ನು ಮುಟ್ಟಬಹುದು. ಬೆಳಿಗ್ಗೆಗೆ ಬಂದಾಗಲೂ 1ನೇ ಬೆಡ್‌ನಿಂದ 30ರವರೆಗೆ ಕ್ರಮವಾಗಿ ಹೋಗಬೇಕಿಲ್ಲ. ಆಪರೇಷನ್ ಆಗಿ ಬಂದವರು, ಪಂಪ್ ಮೇಲೆ ಇರುವವರು, ರಾತ್ರಿ ಏನಾದರೂ ತೊಂದರೆ ಆದವರು ಮೊದಲು. ನಾಳೆ ಡಿಸ್ಚಾರ್ಜ್ ಆಗುವವರನ್ನು ಕೊನೆಗೆ ಒಂದು ಸುತ್ತು ನೋಡಿದರೆ ಆಯಿತು.

ಬೆಡ್ ಪಕ್ಕ ನಿಂತು ಏನು ಹೇಳಬೇಕು? ಎಸ್‌ಬಾರ್ ಎಂದು ನಿಮಗೆ ಕಲಿಸಿರುತ್ತಾರೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಚುಟುಕಾಗಿ ವರದಿ ಕೊಡಲು ಇದ್ದ ಕ್ರಮ ಅದು. 2000ದ ನಂತರದ ವರ್ಷಗಳಲ್ಲಿ ಅಲ್ಲಿನ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳು ಅದನ್ನು ವಾರ್ಡಿಗೆ ಒಗ್ಗಿಸಿಕೊಂಡವು. ಈಗ ಹೇಗಿದ್ದಾರೆ, ಹಿಂದೆ ಏನಾಗಿದೆ, ನನಗೆ ಏನು ಅನಿಸುತ್ತದೆ, ನೀವು ಏನು ಮಾಡಬೇಕು, ಇಷ್ಟೇ. ‘ಡಾಕ್ಟರ್ 4 ಗಂಟೆಗೆ ಡ್ರೇನ್ ಅಳತೆ ಕೇಳಿದ್ದಾರೆ, 100 ಎಂಎಲ್ ದಾಟಿದರೆ ಫೋನ್ ಮಾಡಿ’ ಅನ್ನುವ ಕೊನೆಯ ಮಾತು ನಮ್ಮ ಓವರ್‌ಗಳಲ್ಲಿ ಜಾಸ್ತಿ ಬಿಟ್ಟುಹೋಗುತ್ತದೆ. ಅದನ್ನು ಬಿಡದೆ ಹೇಳಿಸುವುದೇ ಅರ್ಧ ಕೆಲಸ. ಉಳಿದರ್ಧ ಕಣ್ಣಿನದು: ಇಬ್ಬರೂ ಸೇರಿ ಕೈ, ಕ್ಯಾನ್ಯುಲಾ, ಪಂಪ್, ಡ್ರೇನ್, ಬ್ಯಾಂಡ್ ನೋಡುವುದು.

ಎಲ್ಲವನ್ನೂ ಬೆಡ್ ಪಕ್ಕ ಹೇಳುವಂತಿಲ್ಲ. ಜನರಲ್ ವಾರ್ಡಿನಲ್ಲಿ ಪರದೆ ಎಳೆದರೂ ಪಕ್ಕದ ಬೆಡ್‌ಗೆ, ಅವರ ಮನೆಯವರಿಗೆ ಎಲ್ಲ ಕೇಳಿಸುತ್ತದೆ. ಎಚ್‌ಐವಿ ಇರುವುದನ್ನು ಪೇಷಂಟ್ ಒಪ್ಪಿಗೆ ಇಲ್ಲದೆ ಹೊರಗಿನವರಿಗೆ ಕೇಳಿಸುವಂತೆ ಬಾಯಿಬಿಡುವುದು 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧ. ಕ್ಯಾನ್ಸರ್ ಎಂದು ಪೇಷಂಟ್‌ಗೆ ಇನ್ನೂ ಹೇಳಿರುವುದಿಲ್ಲ, ಮಗನಿಗೆ ಮಾತ್ರ ಗೊತ್ತಿರುತ್ತದೆ. ಪೊಲೀಸ್ ಕೇಸ್ ಇರುತ್ತದೆ. ಇಂಥವನ್ನು ನರ್ಸಿಂಗ್ ಸ್ಟೇಷನ್‌ನಲ್ಲೇ ಒಂದೆರಡು ನಿಮಿಷದಲ್ಲಿ ಮುಗಿಸಿ ಆಮೇಲೆ ಬೆಡ್‌ಗೆ ಹೋಗಿ. ಇದನ್ನು ಪ್ರಸ್ತಾವದಲ್ಲೇ ಬರೆದುಬಿಡಿ. ಯಾರಾದರೂ ಡಾಕ್ಟರ್ ಈ ಪ್ರಶ್ನೆ ಎತ್ತುತ್ತಾರೆ, ಉತ್ತರ ಮೊದಲೇ ಇದ್ದರೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಭಾಷೆಯ ವಿಷಯವನ್ನೂ ಹೇಳಲೇಬೇಕು, ಮುಂಬೈ ಅಲ್ವಾ. ನಿಮ್ಮ ವಾರ್ಡಿನಲ್ಲಿ ಕೇರಳದವರು, ಮರಾಠಿಯವರು, ನಮ್ಮ ಕಡೆಯವರು ಎಲ್ಲ ಇರುತ್ತಾರೆ. ಸ್ಟೇಷನ್‌ನಲ್ಲಿ ಇಬ್ಬರು ಮಲಯಾಳಿ ಸಿಸ್ಟರ್‌ಗಳು ಮಲಯಾಳಂನಲ್ಲಿ, ನಾವಿಬ್ಬರು ಕನ್ನಡದಲ್ಲಿ ಓವರ್ ಕೊಟ್ಟರೆ ಯಾರಿಗೂ ತೊಂದರೆ ಇಲ್ಲ. ಪೇಷಂಟ್ ಎದುರು ಹಾಗೆ ಮಾಡಿದರೆ ಅವರಿಗೆ ಗಾಬರಿ ಆಗುತ್ತದೆ, ತನ್ನ ಬಗ್ಗೆ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ಪೇಷಂಟ್‌ಗೆ ತಿಳಿಯುವ ಹಿಂದಿ ಅಥವಾ ಮರಾಠಿಯಲ್ಲಿ ಒಂದು ಸಾಲು, ‘ಕಾಕಾ, ಆತಾ ಯಾ ಸಿಸ್ಟರ್ ತುಮ್ಹಾಲಾ ಬಘತೀಲ್’ (ಕಾಕಾ, ಇನ್ನು ಈ ಸಿಸ್ಟರ್ ನಿಮ್ಮನ್ನು ನೋಡಿಕೊಳ್ಳುತ್ತಾರೆ) ಎಂದು ಪರಿಚಯ ಮಾಡಿಸಿ ಶುರು ಮಾಡಿ. ಮಾಟುಂಗಾ, ಮುಲುಂಡ್ ಕಡೆಯ ವಯಸ್ಸಾದ ನಮ್ಮವರು ಅಡ್ಮಿಟ್ ಆಗಿದ್ದರೆ ಅವರ ಜೊತೆ ಧಾರಾಳವಾಗಿ ಕನ್ನಡದಲ್ಲಿ ಮಾತಾಡಿ. ನೋವು ಎಲ್ಲಿ, ಹೇಗೆ ಎಂದು ತಾಯಿಭಾಷೆಯಲ್ಲಿ ಹೇಳುವಾಗ ಸಿಗುವ ವಿವರ ಬೇರೆಯೇ.

ಪ್ರಸ್ತಾವ ಒಂದೇ ಹಾಳೆ ಇರಲಿ. ನಿಮ್ಮ ಆಸ್ಪತ್ರೆಯಲ್ಲಿ ಅದನ್ನು ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ, ಆದರೆ ಒಳಗಿನ ತಿರುಳು ಹೀಗಿರಲಿ: ‘ಇಂಥ ದಿನದಿಂದ ಇಂಥ ದಿನದವರೆಗೆ, ಓವರ್ ಆದ ಮೇಲೆ ಮೊದಲ ರೌಂಡ್‌ನಲ್ಲಿ, ಹೇಳದೇ ಉಳಿದ ವಿಷಯಗಳು ಇಷ್ಟು ಸಿಕ್ಕಿವೆ. ಹೆಚ್ಚಿನವು ಇಂಥವು. ಮಧ್ಯಾಹ್ನ 2ರ ಓವರ್ ಅನ್ನು, 1ರಿಂದ 12ನೇ ಬೆಡ್‌ಗೆ ಮಾತ್ರ, 14 ದಿನ ಬೆಡ್ ಪಕ್ಕದಲ್ಲಿ ಮಾಡಿ ನೋಡಲು ಅನುಮತಿ ಬೇಕು. ಹೊಸ ಸ್ಟಾಫ್ ಬೇಡ, ಹೊಸ ಫಾರ್ಮ್ ಬೇಡ. ಹೋಗುವವರಿಗೆ 15 ನಿಮಿಷಕ್ಕಿಂತ ಜಾಸ್ತಿ ತಡವಾಗುವ ಹಾಗಿದ್ದರೆ ಆ ದಿನ ಹಳೆಯ ರೀತಿಯಲ್ಲೇ ಮುಗಿಸುತ್ತೇವೆ. 15ನೇ ದಿನ ಮತ್ತೆ ಅದೇ ಲೆಕ್ಕ ತೋರಿಸುತ್ತೇವೆ. ಮುಂದುವರಿಸುವ, ನಿಲ್ಲಿಸುವ ನಿರ್ಧಾರ ಇನ್‌ಚಾರ್ಜ್ ಸಿಸ್ಟರ್ ಅವರದು.’ ನಿಲ್ಲಿಸುವ ದಾರಿಯನ್ನು ನೀವೇ ಬರೆದಿದ್ದರೆ ಒಪ್ಪುವವರಿಗೆ ಧೈರ್ಯ ಬರುತ್ತದೆ.

ಆ 14 ದಿನದಲ್ಲೂ ಮೊದಲ ದಿನವೇ 12 ಬೆಡ್ ಬೇಡ. ನೀವು, ನಿಮ್ಮ ಜೊತೆಗಾರ್ತಿ ಒಬ್ಬರು, ಎರಡು ಬೆಡ್. ಏನು ತೊಡಕಾಯಿತು ನೋಡಿ, ಸರಿಮಾಡಿ, ಮಾರನೇ ದಿನ ನಾಲ್ಕು ಬೆಡ್. ಯೋಜನೆ, ಪ್ರಯೋಗ, ಪರಿಶೀಲನೆ, ತಿದ್ದುಪಡಿ ಎಂದು ಶೂಹರ್ಟ್ ಮತ್ತು ಡೆಮಿಂಗ್ ಎಂಬ ಗುಣಮಟ್ಟ ತಜ್ಞರಿಂದ ಬಂದ ಚಕ್ರವನ್ನು ಕ್ವಾಲಿಟಿ ಟ್ರೇನಿಂಗ್‌ಗಳಲ್ಲಿ ಕಲಿಸುತ್ತಾರಲ್ಲ, ಅದು ಇದೇ. ಮೀಟಿಂಗ್‌ನಲ್ಲಿ ದೊಡ್ಡ ಚಿತ್ರ ಬರೆದು ತೋರಿಸುವ ವಸ್ತು ಅಂದುಕೊಂಡಿದ್ದಾರೆ ಎಲ್ಲರೂ. ನಿಜವಾಗಿ ಅದು ಎರಡು ಬೆಡ್‌ನ ಕೆಲಸ.

ಪ್ರಸ್ತಾವದಲ್ಲಿ ಆಗದ್ದನ್ನು ಹೇಳಬೇಡಿ. ‘ತಪ್ಪುಗಳು 23 ಪರ್ಸೆಂಟ್ ಕಡಿಮೆ ಆಗುತ್ತವೆ’ ಎಂದು ಕೆಲವರು ಬರೆಯುತ್ತಾರೆ. ಆ ಅಂಕಿ ಬಂದದ್ದು 2014ರಲ್ಲಿ ಪ್ರಕಟವಾದ ಐ-ಪಾಸ್ ಅಧ್ಯಯನದಿಂದ. ಅದು ಅಮೆರಿಕ, ಕೆನಡಾದ 9 ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗದ ರೆಸಿಡೆಂಟ್ ಡಾಕ್ಟರುಗಳ ಓವರ್ ಮೇಲೆ ನಡೆದದ್ದು. ಅಲ್ಲಿ ಬದಲಿಸಿದ್ದು ಓವರ್ ಕೊಡುವ ಕ್ರಮ ಮತ್ತು ತರಬೇತಿ. ಅದನ್ನು ತಂದು ನಿಮ್ಮ ಸರ್ಜಿಕಲ್ ವಾರ್ಡಿಗೆ ಹಚ್ಚಿದರೆ, ಓದಿಕೊಂಡ ಒಬ್ಬ ಡಾಕ್ಟರ್ ಒಂದೇ ಪ್ರಶ್ನೆಯಲ್ಲಿ ನಿಮ್ಮನ್ನು ಕೂರಿಸುತ್ತಾರೆ. ಕ್ರಮವಾಗಿ ಓವರ್ ಕೊಟ್ಟರೆ ಪೇಷಂಟ್‌ಗೆ ಒಳ್ಳೆಯದು ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ, ಅಷ್ಟು ಮಟ್ಟಿಗೆ ಹೇಳಿ. ನಿಮ್ಮ ವಾರ್ಡಿನ ಗೆರೆ ಎಳೆದ ಹಾಳೆಯೇ ನಿಮಗೆ ಹೆಚ್ಚಿನ ಬಲ.

ನಿಮ್ಮ ಆಸ್ಪತ್ರೆಗೆ, ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಇದ್ದರೆ ಕ್ವಾಲಿಟಿ ವಿಭಾಗದಲ್ಲಿ ಒಬ್ಬ ಸ್ನೇಹಿತರು ಸಿಗುತ್ತಾರೆ. 2020ರಲ್ಲಿ ಬಂದ ಅದರ 5ನೇ ಆವೃತ್ತಿಯ ಮಾನದಂಡಗಳಲ್ಲಿ, ಡ್ಯೂಟಿ ಬದಲಾವಣೆಯ ಹ್ಯಾಂಡೋವರ್ ಸರಿಯಾಗಿ ನಡೆದಿದೆಯೇ ಎಂದು ಡಾಕ್ಟರುಗಳಿಗೆ ಬೇರೆ, ನರ್ಸುಗಳಿಗೆ ಬೇರೆ ಅಳೆಯುವ ಸೂಚಕ ಇತ್ತು. ಅಂದರೆ ಆ ಅಂಕಿ ಯಾರಿಗೋ ಈಗಾಗಲೇ ಬೇಕಾಗಿರಬಹುದು. ಆದರೆ ‘ಎನ್‌ಎಬಿಎಚ್‌ನವರು ಕೇಳುತ್ತಾರೆ’ ಎಂದು ಜೊತೆಯವರನ್ನು ಹೆದರಿಸಬೇಡಿ. ಇನ್‌ಸ್ಪೆಕ್ಷನ್‌ಗಾಗಿ ಶುರುವಾದ ಕೆಲಸ ಟಿಕ್ ಮಾರ್ಕ್ ಆಗಿ ಉಳಿಯುತ್ತದೆ. ಬೆಡ್ ಹತ್ತಿರ ಹೋಗದೇ ಸ್ಟೇಷನ್‌ನಲ್ಲೇ ಕೂತು 30 ಟಿಕ್ ಹಾಕುವುದು ನಮ್ಮ ನರ್ಸಿಂಗ್‌ಗೆ ಹಿಡಿದ ದೊಡ್ಡ ಗೆದ್ದಲು. ನನಗೆ ಇದರ ಬಗ್ಗೆ ನಿಜಕ್ಕೂ ಸಂಕಟ ಆಗುತ್ತದೆ. ಅದಕ್ಕೇ ಹೊಸ ಫಾರ್ಮ್ ಬೇಡ ಎಂದು ಮೇಲೆ ಬರೆದದ್ದು.

ವಿರೋಧಿಸುವವರಲ್ಲಿ ಒಬ್ಬರನ್ನು ಮಾತ್ರ ವಿಶೇಷವಾಗಿ ನೋಡಿಕೊಳ್ಳಿ. ಪ್ರತಿ ವಾರ್ಡಿನಲ್ಲಿ ಒಬ್ಬ ಹಿರಿಯ ಸಿಸ್ಟರ್ ಇರುತ್ತಾರೆ. ಅವರಿಗೆ ರಿಜಿಸ್ಟರ್ ಬೇಡ, 30 ಪೇಷಂಟ್ ವಿಷಯವೂ ಬಾಯಲ್ಲೇ ಇರುತ್ತದೆ. ಹೊಸ ಪದ್ಧತಿ ಎಂದರೆ ಅವರ ಆ ಜಾಣ್ಮೆಗೆ ಬೆಲೆ ಇಲ್ಲ ಎಂದಂತೆ ಕೇಳಿಸುತ್ತದೆ. ಅವರ ಹತ್ತಿರ ಹೋಗಿ, ‘ಅಕ್ಕಾ, ಬೆಡ್ ಹತ್ತಿರ ನಿಂತಾಗ ಹೊಸಬರು ಮೊದಲು ಯಾವುದನ್ನು ನೋಡಬೇಕು, ನೀವೇ ಹೇಳಿ’ ಎಂದು ಕೇಳಿ, ಅವರು ಹೇಳಿದ ಕ್ರಮವನ್ನೇ ಬರೆದುಕೊಳ್ಳಿ. ಅದು ಬರೀ ಖುಷಿಪಡಿಸುವ ಉಪಾಯ ಅಂದುಕೊಳ್ಳಬೇಡಿ. ಅವರ ಪಟ್ಟಿ ನಿಜಕ್ಕೂ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ.

ಇನ್ನು ಮೇಲಿನವರ ಬೆಂಬಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪೀಟರ್ ಪ್ರೊನೊವೊಸ್ಟ್ ಎಂಬ ಡಾಕ್ಟರ್ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಯ, ಸೋಂಕು ಇಳಿಸಿದರು. 2006ರಲ್ಲಿ ಅದು ಪ್ರಕಟವಾಯಿತು. ಐದು ಸರಳ ನಿಯಮಗಳು: ಕೈ ತೊಳೆಯುವುದು, ಪೂರ್ತಿ ಬಟ್ಟೆ ಹೊದಿಸುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡೀನ್ ಎಂಬ ಸೋಂಕುನಾಶಕ ಹಚ್ಚುವುದು, ಆದಷ್ಟು ತೊಡೆಯ ರಕ್ತನಾಳ ಬಿಡುವುದು, ಬೇಡವಾದ ಲೈನ್ ತೆಗೆಯುವುದು. ಎಲ್ಲರಿಗೂ ಗೊತ್ತಿದ್ದದ್ದೇ. ನಿಯಮ ತಪ್ಪಿದರೆ ಡಾಕ್ಟರಿಗೆ ‘ನಿಲ್ಲಿಸಿ’ ಎನ್ನುವ ಅಧಿಕಾರವನ್ನು ನರ್ಸ್‌ಗೆ ಕೊಟ್ಟದ್ದು ಅಲ್ಲಿ ದೊಡ್ಡ ಹೆಜ್ಜೆ. ಆ ಅಧಿಕಾರ ನರ್ಸ್ ತಾನಾಗಿ ತೆಗೆದುಕೊಂಡದ್ದಲ್ಲ, ಆಸ್ಪತ್ರೆಯ ಹಿರಿಯರು ಅದರ ಹಿಂದೆ ನಿಂತಿದ್ದರು. ನಿಮಗೂ ಹಾಗೆಯೇ. ಓವರ್ ನಡೆಯುವ 15 ನಿಮಿಷ ತುರ್ತು ಇಲ್ಲದ ಕೆಲಸಕ್ಕೆ ಸಿಸ್ಟರ್‌ಗಳನ್ನು ಕರೆಯಬಾರದು ಎಂದು ಆರ್‌ಎಂಒಗೆ (ಡ್ಯೂಟಿ ಡಾಕ್ಟರ್), ವಾರ್ಡ್ ಬಾಯ್‌ಗೆ, ಮಾವಶಿಗೆ (ಆಯಾ) ಹೇಳಬೇಕಾದವರು ನೀವಲ್ಲ. ಅದನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಹೇಳಬೇಕು. ಪ್ರಯೋಗ ಶುರುವಾಗುವ ಮೊದಲೇ ಹೇಳಿಸಿಕೊಳ್ಳಿ.

14 ದಿನ ಆದ ಮೇಲೆ ಲೆಕ್ಕ ಚೆನ್ನಾಗಿ ಬಂದರೂ ಅಲ್ಲಿಗೆ ಮುಗಿಯಲಿಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಸಿಸ್ಟರ್‌ಗಳು ಬಹಳ ಬದಲಾಗುತ್ತಾರೆ. ಗಲ್ಫ್‌ಗೆ ಹೋಗುವವರು, ಮದುವೆಯಾಗಿ ಊರಿಗೆ ಹೋಗುವವರು. ನೀವು ರಜೆ ಹಾಕಿ ಧಾರವಾಡಕ್ಕೆ ಹೋದ ವಾರ ಏನಾಗುತ್ತದೆ ನೋಡಿ. ಆ ವಾರವೂ ನಡೆದರೆ ಪದ್ಧತಿ ನಿಂತಿತು ಎಂದರ್ಥ. ಹೊಸಬರ ಓರಿಯಂಟೇಶನ್‌ನಲ್ಲಿ ಇದನ್ನು ಸೇರಿಸಲು ನರ್ಸಿಂಗ್ ಎಜುಕೇಟರ್‌ಗೆ ಹೇಳಿ. ಲೆಕ್ಕ ಚೆನ್ನಾಗಿ ಬರದಿದ್ದರೆ ಹಾಗೆಯೇ ತೋರಿಸಿ, ಒಂದು ಅಂಕಿಯನ್ನೂ ತಿದ್ದಬೇಡಿ. ಮುಂದಿನ ಸಲ ನಿಮ್ಮ ಮಾತು ಕೇಳುವುದು ಆ ಪ್ರಾಮಾಣಿಕತೆಯಿಂದಲೇ.

ನಿಮ್ಮ ಕೊನೆಯ ಪ್ರಶ್ನೆ, ಮೆಡಿಕಲ್ ಡೈರೆಕ್ಟರ್. ಹೋಗಬೇಡಿ. ಅವರು ಒಪ್ಪಿ ಆರ್ಡರ್ ಕೊಟ್ಟರೂ ಅದನ್ನು ನಡೆಸಬೇಕಾದವರು ನಿಮ್ಮ ಇನ್‌ಚಾರ್ಜ್. ತಲೆಯ ಮೇಲಿಂದ ಬಂದ ಆರ್ಡರ್ ಎಷ್ಟು ದಿನ ನಡೆಯುತ್ತದೆ ಎಂದು ನಿಮಗೇ ಗೊತ್ತು. ಇನ್‌ಚಾರ್ಜ್ ಎರಡನೇ ಸಲವೂ ಬೇಡ ಎಂದರೆ, ಅವರಿಗೆ ಹೇಳಿಯೇ ಸೂಪರ್‌ವೈಸರ್ ಅಥವಾ ಎಜುಕೇಟರ್ ಹತ್ತಿರ ಹೋಗಿ. ಅಷ್ಟರಲ್ಲಿ ನಿಮ್ಮ ಆರು ಪೇಷಂಟ್‌ಗಳಲ್ಲಿ ಹೆಚ್ಚು ಸೀರಿಯಸ್ ಆಗಿರುವ ಇಬ್ಬರ ಹತ್ತಿರ, ಓವರ್ ಕೊಡುವ ಸಿಸ್ಟರನ್ನು ‘ಒಂದು ನಿಮಿಷ ಬನ್ನಿ’ ಎಂದು ಕರೆದುಕೊಂಡು ಹೋಗಿ ನೋಡಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಪೇಷಂಟ್‌ಗೆ ಹಾನಿಯಾದ ಅಥವಾ ಆಗುವುದರಲ್ಲಿದ್ದ ಘಟನೆ ನಡೆದರೆ ಮಾತ್ರ ಪ್ರಸ್ತಾವಕ್ಕೆ ಕಾಯಬೇಡಿ. ಅದೇ ದಿನ ಇನ್ಸಿಡೆಂಟ್ ಫಾರ್ಮ್ ತುಂಬಿ, ಹೆಸರು ಹಾಕಿ ದೂರುವ ಹಾಗೆ ಅಲ್ಲ, ನಡೆದದ್ದನ್ನು ನಡೆದ ಹಾಗೆ.

ಹೊತ್ತನ್ನೂ ಆರಿಸಿಕೊಳ್ಳಿ. ಮಳೆಗಾಲದಲ್ಲಿ ಪ್ರಯೋಗ ಬೇಡ. ಕುರ್ಲಾ, ಸಯನ್ ಹತ್ತಿರ ಹಳಿಯ ಮೇಲೆ ನೀರು ನಿಂತ ದಿನ ಅರ್ಧ ಜನ ಬರುವುದೇ ಇಲ್ಲ, ಇದ್ದವರೇ ಎರಡು ಡ್ಯೂಟಿ ಮಾಡುತ್ತಾರೆ. ಡೆಂಗಿ, ಲೆಪ್ಟೊ (ಇಲಿಜ್ವರ) ಕೇಸುಗಳು ಸರ್ಜಿಕಲ್ ವಾರ್ಡಿಗೂ ತುಂಬಿಕೊಳ್ಳುತ್ತವೆ. ಗಣಪತಿ, ದೀಪಾವಳಿ ರಜೆಗಳೂ ಮುಗಿಯಲಿ. ಇನ್‌ಸ್ಪೆಕ್ಷನ್ ಇರುವ ತಿಂಗಳು ಬಿಡಿ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಸಮಯ. ಎಣಿಕೆಗೆ ಮಾತ್ರ ಅಷ್ಟು ಕಾಯಬೇಕಿಲ್ಲ, ಈ ವಾರ ಮಧ್ಯಾಹ್ನದ ಡ್ಯೂಟಿ ಬಿದ್ದ ದಿನವೇ ಸಿಸ್ಟರ್ ಹತ್ತಿರ ಹೋಗಿ ಕೇಳಿ.